ಮೂಗಿನ ರೌಂಡು

"ಹಾಳಾಗಿದಾ ಅಂತ ಒಮ್ಮೆ ನೋಡಿ, ನಿನ್ನೆ ಮಧ್ಯಾಹ್ನದಿಂದ ಕರೆಂಟ್ ಇರ್ಲಿಲ್ಲ," ಎಂದು ಶಶಿಪ್ರಭಾ ಫ್ರಿಜ್ಜಿನಿಂದ ತೆಗೆದ ಬಂಗುಡೆಯ ತಟ್ಟೆಯನ್ನು ಗಂಡನ ಮೂಗಿನ ಬುಡಕ್ಕೇ ತಂದು ಹಿಡಿದಳು. ಷರಟಿನ ಗುಂಡಿ ಹಾಕುತ್ತಿದ್ದ ಚಿತ್ತರಂಜನ ಶೆಟ್ಟಿ ಕೈ ನಿಲ್ಲಿಸಿ, ಕಣ್ಣು ಅರೆ ಮುಚ್ಚಿ, ತಲೆ ತುಸು ಓರೆ ಮಾಡಿ ಉಸಿರೆಳೆದುಕೊಂಡ. ಏನೂ ಇಲ್ಲ. ಗಾಳಿ ಒಳಗೆ ಹೋದದ್ದು ತಂಪಾಗಿ ತಿಳಿಯಿತು, ಅಷ್ಟೆ. ಅದರ ಜೊತೆ ಮೀನು ಬರಲಿಲ್ಲ, ಅವಳ ತಲೆಗೆ ಹಚ್ಚಿದ ತೆಂಗಿನೆಣ್ಣೆ ಬರಲಿಲ್ಲ. ಪಕ್ಕದ ಮನೆಯವರು ಕಸ ಸುಡುತ್ತಿದ್ದ ಹೊಗೆ ಕಿಟಕಿಯಲ್ಲಿ ಕಣ್ಣಿಗೆ ಕಂಡಿತೇ ಹೊರತು ಬೇರೆ ಯಾವ ದಾರಿಯಿಂದಲೂ ಅವನನ್ನು ಮುಟ್ಟಲಿಲ್ಲ. ಅವನು ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಕಿವಿರು ಎತ್ತಿ ಬಣ್ಣ ನೋಡಿ, "ಎಂತ ಆಗ್ಲಿಲ್ಲ. ಹುಳಿ ಸ್ವಲ್ಪ ಜಾಸ್ತಿ ಹಾಕು," ಎಂದ. ಅವಳು ಅಷ್ಟಕ್ಕೇ ಸಮಾಧಾನಗೊಂಡು ಒಳಗೆ ಹೋದಳು. ಹಾಗೆ ಹೋದದ್ದು ನೋಡಿ ಅವನಿಗೆ ಸಿಟ್ಟು ಬಂತು. ಇಷ್ಟು ಸುಲಭವಾಗಿ ಮೋಸ ಹೋಗುವ ಹೆಂಗಸು! ಬೆರಳಿನಿಂದ ಒತ್ತಿದ್ದು ಯಾಕೆ, ಕಿವಿರು ನೋಡಿದ್ದು ಯಾಕೆ ಎಂದು ಕೇಳಬಾರದೇ? ನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದು, ಒಂದೇ ಬಟ್ಟಲಿನ ಸಾರು ತಿಂದು, ಗಂಡನ ಮೂಗು ಸತ್ತಿದೆ ಎಂಬುದು ಗೊತ್ತಾಗದಷ್ಟು ನಂಬಿಕೆ ಯಾರಿಗೆ ಬೇಕು?

ಮೊದಲ ಸುಳ್ಳು ಅವಳ ಮುಂದೆಯೇ ಹೇಳಿದ್ದು. ಕೊರೋನದ ಎರಡನೆಯ ಅಲೆಯ ಜ್ವರ ಇಬ್ಬರಿಗೂ ಒಟ್ಟಿಗೆ ಬಂದಿತ್ತು, ಇಬ್ಬರ ವಾಸನೆಯೂ ಒಟ್ಟಿಗೆ ಹೋಗಿತ್ತು. ತಿಂಗಳು ಕಳೆದು ಒಂದು ಬೆಳಿಗ್ಗೆ ಶಶಿಪ್ರಭಾ ಒಗ್ಗರಣೆಯ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಓಡಿ ಬಂದು, "ಬಂತು, ನನಗೆ ಬೆಳ್ಳುಳ್ಳಿ ಬಂತು!" ಎಂದು ಅತ್ತೇಬಿಟ್ಟಿದ್ದಳು. ಅತ್ತು ಮುಗಿದ ಮೇಲೆ "ನಿಮಗೆ?" ಎಂದು ಕೇಳಿದಳು. ಅವನು "ನನಗೂ ಬಂತು" ಎಂದ. ಅವಳ ಸಂತೋಷ ಕೆಡಿಸಬಾರದು ಎಂದು ಹಾಗೆ ಹೇಳಿದೆ ಎಂದು ಬಹಳ ದಿನ ತನ್ನನ್ನು ತಾನೇ ನಂಬಿಸಿದ್ದ. ನಿಜವಾಗಿ ಅದು ನಾಚಿಕೆ. ಅವಳದ್ದು ಬಂದು, ನೆರೆಮನೆಯವರದ್ದೆಲ್ಲ ಬಂದು, ಮೂಗಿನಿಂದಲೇ ಹೆಸರು ಮಾಡಿದವನದ್ದು ಬರಲಿಲ್ಲ ಎನ್ನಲು ಬಾಯಿ ಏಳಲಿಲ್ಲ. ಉಡುಪಿಗೆ ಹೋಗಿ, ಪರಿಚಯದವರು ಯಾರೂ ಇಲ್ಲದ ಒಂದು ಕ್ಲಿನಿಕ್ಕಿನಲ್ಲಿ, ಡಾಕ್ಟರು ಕೊಟ್ಟ ಶೀಶೆಗಳನ್ನು ಒಂದೊಂದಾಗಿ ಮೂಸಿದ. ಕಾಫಿ ಪುಡಿಗೆ ಲವಂಗ ಎಂದ, ಲವಂಗಕ್ಕೆ ಸೋಪು ಎಂದ. ಡಾಕ್ಟರು ನಗದೆ, "ಊಹಿಸ್ಬೇಡಿ, ಇಲ್ಲ ಅಂತ ಹೇಳಿದ್ರೆ ಸಾಕು," ಎಂದರು. ಅದೊಂದು ಮಾತು ಅವನ ಬಾಯಿಯಿಂದ ಅಲ್ಲಿಯೂ ಹೊರಡಲಿಲ್ಲ.

ಕಾವೂರಿನ ಮನೆಯಿಂದ ಬೈಕಂಪಾಡಿಯ ಗೊಬ್ಬರದ ಕಾರ್ಖಾನೆಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಈ ದಾರಿಯನ್ನು ಅವನು ಮೊದಲೆಲ್ಲ ಮೂಗಿನಿಂದಲೇ ಓಡಿಸುತ್ತಿದ್ದ. ಕೂಳೂರು ಸೇತುವೆಯ ಕೆಸರು, ಆಮೇಲೆ ಮೀನೆಣ್ಣೆ, ಆಮೇಲೆ ಡಾಂಬರು, ಎಡಗಡೆಯಿಂದ ಸಮುದ್ರ, ಕೊನೆಗೆ ಗೇಟು ಇನ್ನೂ ಕಾಣುವ ಮೊದಲೇ ಮೂಗಿನ ತುದಿಗೆ ಸೂಜಿ ತಾಗಿದ ಹಾಗೆ ಅಮೋನಿಯ. ಹೊಸದಾಗಿ ಸೇರಿದವರಿಗೆ ಅಮೋನಿಯ ಎಂದರೆ ಒಂದೇ ನಾತ. ಅವನಿಗೆ ಅದರಲ್ಲಿ ನೂರು ಬಗೆ ಗೊತ್ತಿತ್ತು. ವಾಲ್ವಿನ ಗ್ಲಾಂಡಿನಿಂದ ಜಿನುಗುವುದು ಬೇರೆ, ಗ್ಯಾಸ್ಕೆಟ್ ಸವೆದು ಬರುವುದು ಬೇರೆ, ಖಾಲಿಯಾಗಿದೆ ಎಂದು ಎಲ್ಲರೂ ನಂಬಿದ ಪೈಪಿನೊಳಗೆ ಅಡಗಿ ಕೂತದ್ದು ಇನ್ನೂ ಬೇರೆ. ಸೌದಿಯಲ್ಲಿ ಏಳು ವರ್ಷ ಇದ್ದಾಗಲೂ ಅಲ್ಲಿಯ ಇಂಗ್ಲಿಷ್ ಸಾಹೇಬ ಇವನನ್ನು ಕರೆದುಕೊಂಡು ಹೋಗಿ ಪೈಪ್‌ಲೈನಿನ ಪಕ್ಕ ನಿಲ್ಲಿಸುತ್ತಿದ್ದ. ಇಲ್ಲಿ ಅದೊಂದು ಪದ್ಧತಿಯೇ ಆಗಿಹೋಯಿತು. ಲೈನು ಬಿಚ್ಚುವ ಮೊದಲು, ಟ್ಯಾಂಕರ್ ತುಂಬುವ ಮೊದಲು, ಶೆಟ್ಟರು ಮಾಸ್ಕ್ ಇಲ್ಲದೆ ಕೈ ಹಿಂದೆ ಕಟ್ಟಿ ಪೈಪಿನ ಉದ್ದಕ್ಕೂ ಒಮ್ಮೆ ನಡೆಯುವುದು, ಕೊನೆಯಲ್ಲಿ ತಲೆ ಆಡಿಸುವುದು. ತಲೆ ಆಡಿಸಿದರೆ ಮಾತ್ರ ಜನ ಸ್ಪ್ಯಾನರು ಎತ್ತುತ್ತಿದ್ದರು. ಅದಕ್ಕೆ ಮೂಗಿನ ರೌಂಡು ಎಂದು ಹೆಸರಿಟ್ಟದ್ದು ಅವನ ಜೊತೆ ಕೆಲಸ ಮಾಡುತ್ತಿದ್ದ ಫಿಟ್ಟರ್ ಮುದ್ದು. ಕಂಪನಿ ಗೋಡೆಗೋಡೆಗೆ ಡಿಟೆಕ್ಟರುಗಳನ್ನು ಹಾಕಿತ್ತು, ಇಲ್ಲವೆಂದಲ್ಲ. ಆದರೆ ಸಮುದ್ರದ ಉಪ್ಪುಗಾಳಿಗೆ, ಮಳೆಯ ತೇವಕ್ಕೆ ಅವು ಕಾರಣವಿಲ್ಲದೆ ಬೊಬ್ಬೆ ಹೊಡೆಯುತ್ತಿದ್ದವು. ಮಳೆಗಾಲದಲ್ಲಿ ಅವುಗಳ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಬಿಡುತ್ತಿದ್ದರು. ಮೂಗು ಹಾಗಲ್ಲ, ಅದು ಮಳೆಗೂ ಬಿಸಿಲಿಗೂ ಒಂದೇ, ಶೆಟ್ಟರ ಮೂಗು ತಪ್ಪುವುದಿಲ್ಲ.

ಮೂರು ವರ್ಷದ ಹಿಂದೆ, ಆಟಿ ತಿಂಗಳ ಮಳೆಯಲ್ಲಿ, ಪಂಪಿನ ಗುಂಡಿಯಲ್ಲಿ ಮುದ್ದು ನಿಂತಿದ್ದ. ಗ್ಯಾಸ್ಕೆಟ್ ಬದಲಿಸಬೇಕಿತ್ತು. ಚಿತ್ತರಂಜನನ ಮೂಗು ಸತ್ತು ಆಗ ಒಂದು ವರ್ಷ ದಾಟಿತ್ತು. ಕಣ್ಣು ಉರಿದರೆ ಉಂಟು, ಉರಿಯದಿದ್ದರೆ ಇಲ್ಲ ಎಂಬ ಲೆಕ್ಕದಲ್ಲಿ ಅವನು ದಿನ ದೂಡುತ್ತಿದ್ದ. ರೌಂಡು ಮುಗಿಸಿ ಗುಂಡಿಯ ಅಂಚಿನಲ್ಲಿ, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ನಿಂತ. ಕಣ್ಣು ಉರಿಯಲಿಲ್ಲ. ಕೆಳಗಿನಿಂದ ಮುದ್ದು ಮುಖ ಎತ್ತಿ ನೋಡಿದ. ಮಾಸ್ಕಿನ ಗಾಜು ಮಂಜು ಹಿಡಿದು ಅವನ ಕಣ್ಣೇ ಕಾಣುತ್ತಿರಲಿಲ್ಲ. ಮಾಸ್ಕ್ ತೆಗೆಯಲಾ ಎಂದು ಕೈಸನ್ನೆಯಲ್ಲಿ ಕೇಳಿದ. "ತೆಗಿ ಮಾರಾಯ, ಲೈನು ಖಾಲಿ ಉಂಟು," ಎಂದು ಚಿತ್ತರಂಜನ ಮೇಲಿನಿಂದ ಕೂಗಿದ. ಮಳೆಯ ಸದ್ದಿನಲ್ಲಿ ಆ ಮಾತು ಕೇಳಿದ್ದು ಮುದ್ದುವಿಗೆ ಒಬ್ಬನಿಗೇ. ಮುದ್ದು ಮಾಸ್ಕನ್ನು ಕುತ್ತಿಗೆಗೆ ಇಳಿಸಿ ಬೋಲ್ಟಿಗೆ ಸ್ಪ್ಯಾನರು ಹಾಕಿದ. ಆಮೇಲೆ ಗುಂಡಿ ಅಮೋನಿಯದ ಮಂಜಿನಿಂದ ಬೆಳ್ಳಗಾಯಿತು. ಮೂಗಿದ್ದ ಯಾವ ಮಗುವಿಗಾದರೂ ಗೊತ್ತಾಗುತ್ತಿತ್ತು, ಹಿಂದಿನ ವಾಲ್ವು ಸರಿಯಾಗಿ ಮುಚ್ಚಿರಲಿಲ್ಲ. ಮುದ್ದುವನ್ನು ಎತ್ತಿಕೊಂಡು ಓಡಿದ್ದು, ಸೇಫ್ಟಿ ಶವರಿನ ಕೆಳಗೆ ಕಾಲು ಗಂಟೆ ಅವನ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು ನಿಂತದ್ದು, ಇವೆಲ್ಲ ಚಿತ್ತರಂಜನನೇ ಮಾಡಿದ್ದು. ಮುದ್ದುವಿನ ಜೀವ ಉಳಿಯಿತು. ಶ್ವಾಸಕೋಶ ಉಳಿಯಲಿಲ್ಲ. ವಿಚಾರಣೆಯ ಅಧಿಕಾರಿ ಬಂದಾಗ ಎಲ್ಲವನ್ನೂ ಹೇಳಿಬಿಡಬೇಕೆಂದು ಮೈ ಗಟ್ಟಿ ಮಾಡಿಕೊಂಡು ಕೂತಿದ್ದ, ನಿಜವಾಗಿಯೂ ಕೂತಿದ್ದ. ಅಧಿಕಾರಿ ಅಷ್ಟರಲ್ಲೇ ಬರೆದು ಮುಗಿಸಿದ್ದರು: ಮಾಸ್ಕ್ ಧರಿಸದೆ ಬೋಲ್ಟ್ ಬಿಚ್ಚಿದ್ದು ಕಾರ್ಮಿಕನ ನಿರ್ಲಕ್ಷ್ಯ. "ಸಾಕ್ಷಿ ನೀವಲ್ವಾ? ಇಲ್ಲಿ ಒಂದು ಸೈನ್," ಎಂದು ಪೆನ್ನನ್ನು ಕೈಗೇ ಕೊಟ್ಟರು. ಸೈನ್ ಹಾಕಿದ.

ಮುಂದಿನ ವರ್ಷ ಸುರಕ್ಷತಾ ಸಪ್ತಾಹದಲ್ಲಿ, ಜೀವ ಉಳಿಸಿದವನೆಂದು ಅವನಿಗೆ ಶಾಲು ಹೊದೆಸಿದರು. ಮುದ್ದುವಿನ ಹೆಂಡತಿ ಹೇಮಾಕ್ಷಿ ಕಾರ್ಯಕ್ರಮಕ್ಕೆ ಬಂದಿದ್ದಳು. ಎಲ್ಲರ ಎದುರು ಕಾಲು ಮುಟ್ಟಲು ಬಗ್ಗಿದಳು. "ಇವರಿಗೆ ಬುದ್ಧಿ ಇಲ್ಲ ಶೆಟ್ರೆ, ಮಾಸ್ಕ್ ಕುತ್ತಿಗೆಯಲ್ಲಿ ಇಟ್ಕೊಂಡು ಎಂತ ಮಾಡ್ತಾರೆ? ನೀವು ಇಲ್ಲದಿದ್ರೆ ನನ್ನ ಮಕ್ಕಳಿಗೆ ಅಪ್ಪ ಇರ್ತಿರ್ಲಿಲ್ಲ," ಎಂದು ಅತ್ತಳು. ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಮುದ್ದು ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ನಕ್ಕ. ಅಂದಿನಿಂದ ಪ್ರತಿ ಕೃಷ್ಣಾಷ್ಟಮಿಗೂ ಕುಲಶೇಖರದ ಮುದ್ದುವಿನ ಮನೆಯಿಂದ ಮೂಡೆ ಬರುತ್ತದೆ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಮೂಡೆಯ ರುಚಿಯೆಲ್ಲ ಎಲೆಯ ಪರಿಮಳದಲ್ಲಿ. ಅವನು ಅದನ್ನು ಬಿಳಿ ಹಿಟ್ಟಿನ ಮುದ್ದೆಯಾಗಿ ನುಂಗುತ್ತಾನೆ. ಮುದ್ದು ಯಾಕೆ ಬಾಯಿ ಬಿಡಲಿಲ್ಲ ಎಂಬುದು ಮಾತ್ರ ಈ ಮೂರು ವರ್ಷದಲ್ಲಿ ಅವನಿಗೆ ಅರ್ಥವಾಗಿಲ್ಲ. ಆ ಕೂಗು ಮರೆತೇ ಹೋಯಿತೇ? ಅಥವಾ ಎಲ್ಲ ಗೊತ್ತಿದ್ದೂ ತನ್ನ ಮೇಲೆ ದಯೆ ತೋರಿಸುತ್ತಿದ್ದಾನೆಯೇ? ದಯೆ ಎಂದು ಅನ್ನಿಸಿದ ದಿನ ಅವನಿಗೆ ಅನ್ನ ಇಳಿಯುವುದಿಲ್ಲ. ಮೂಗಿನ ವಿಷಯ ಹೇಳಿದರೆ ಮುದ್ದುವಿನ ವಿಷಯ ಹೇಳಿದಂತೆ. ಒಂದನ್ನು ಬಿಟ್ಟು ಇನ್ನೊಂದು ಹೇಳುವ ದಾರಿಯೇ ಇಲ್ಲ. ಹೇಳದೆ ಇರುವ ದಾರಿಯೂ ಮುಚ್ಚುತ್ತ ಬಂದಿತ್ತು, ಯಾಕೆಂದರೆ ಮುದ್ದುವಿನ ಜಾಗದಲ್ಲಿ ಕಂಪನಿ ಅವನ ಮಗ ಹಿತೇಶನನ್ನು ತೆಗೆದುಕೊಂಡಿತ್ತು. ಇಪ್ಪತ್ತೇಳರ ಹಿತೇಶ ಈಗ ಚಿತ್ತರಂಜನನ ತಲೆ ಆಡುವುದನ್ನೇ ನೋಡಿಕೊಂಡು ಸ್ಪ್ಯಾನರು ಎತ್ತುತ್ತಾನೆ.

ಇಷ್ಟು ದಿನ ಅವನು ಒಂದು ಉಪಾಯದಿಂದ ಪಾರಾಗುತ್ತಿದ್ದ. ಹತ್ತರಲ್ಲಿ ಆರು ಸಲ "ಸಣ್ಣಕೆ ಉಂಟು" ಎಂದುಬಿಡುವುದು. ಆಗ ಎಲ್ಲರೂ ಮಾಸ್ಕ್ ಏರಿಸಿ ಬೋಲ್ಟುಗಳನ್ನೆಲ್ಲ ಬಿಗಿ ಮಾಡುತ್ತಿದ್ದರು, ಹುಡುಕಿದರೆ ಎಲ್ಲೋ ಒಂದು ಸಡಿಲ ಸಿಕ್ಕೇ ಸಿಗುತ್ತಿತ್ತು, ಶೆಟ್ಟರ ಮೂಗಿನ ಖ್ಯಾತಿ ಇನ್ನೂ ಒಂದು ಗೇಣು ಏರುತ್ತಿತ್ತು. ಸತ್ತ ಮೇಲೆಯೇ ಅವನ ಮೂಗಿಗೆ ಇಷ್ಟು ಮರ್ಯಾದೆ ಬಂದದ್ದು. ಆದರೆ ಇವತ್ತು ಆ ಉಪಾಯವೂ ಇಲ್ಲ. ಗೇಟಿನಲ್ಲಿ ಬಾಳೆಗಿಡ ಕಟ್ಟಿದ್ದರು, ಹಸಿರು ಬಲೂನು, ಹಸಿರು ಶಾಮಿಯಾನ, ಹಸಿರು ಕಾರ್ಪೆಟ್ಟು. ಹೊಸ ಟ್ಯಾಂಕಿನ ಅಮೋನಿಯವನ್ನು ಮೊದಲ ಸಲ ಟ್ಯಾಂಕರಿಗೆ ತುಂಬುವ ದಿನ. ಟ್ಯಾಂಕರು ಅದನ್ನು ಬಂದರಿಗೆ ಒಯ್ಯುತ್ತದೆ, ಅಲ್ಲಿ ಅಮೋನಿಯದಿಂದಲೇ ಓಡುವ ಹೊಸ ಎಂಜಿನ್ನಿನ, ಹಡಗೆಳೆಯುವ ಟಗ್ ದೋಣಿಯೊಂದು ಕಾಯುತ್ತಿದೆ. ಮೊದಲೆಲ್ಲ ಎಣ್ಣೆ, ಗ್ಯಾಸುಗಳಿಂದ ತೆಗೆಯುತ್ತಿದ್ದ ಹೈಡ್ರೋಜನ್ನನ್ನು ಈಗ ಬಿಸಿಲಿನ ಕರೆಂಟಿನಲ್ಲಿ ನೀರನ್ನು ಒಡೆದು ತೆಗೆಯುತ್ತಾರೆ, ಗಾಳಿಯ ಸಾರಜನಕದ ಜೊತೆ ಸೇರಿಸುತ್ತಾರೆ, ಅರ್ಧ ಗೊಬ್ಬರಕ್ಕೆ, ಅರ್ಧ ಹಡಗಿಗೆ, ಆಕಾಶಕ್ಕೆ ಇಂಗಾಲದ ಹೊಗೆ ಇಲ್ಲ. ಎಂಜಿನಿಯರ್ ತನುಶ್ರೀ ಇದನ್ನು ವಾರದಿಂದ ಅತಿಥಿಗಳಿಗಾಗಿ ಅಭ್ಯಾಸ ಮಾಡುತ್ತಿದ್ದಳು. ಕೇಳಿ ಕೇಳಿ ಹಳೇ ಕೆಲಸಗಾರ ತುಕ್ರ, "ಹಸಿರು ಆದ್ರೂ ಮೂಗಿಗೆ ಅದೇ ಅಲ್ವಾ ಮೇಡಮ್?" ಎಂದು ಕೇಳಿದ್ದ. "ಮೂಗಿಗೂ ಅದೇ, ಶ್ವಾಸಕೋಶಕ್ಕೂ ಅದೇ," ಎಂದಿದ್ದಳು ಅವಳು. ಎಲ್ಲರೂ ನಕ್ಕಿದ್ದರು, ಹಿತೇಶನೂ ನಕ್ಕಿದ್ದ.

ಮ್ಯಾನೇಜರ್ ರಿತೇಶ್ ಹೆಗಲಿಗೆ ಕೈ ಹಾಕಿ ಚಿತ್ತರಂಜನನನ್ನು ಬದಿಗೆ ಕರೆದುಕೊಂಡು ಹೋದ. ದೂರದ ಸಂಬಂಧದಲ್ಲಿ ತಮ್ಮ ಆಗಬೇಕಾದವನು, ಆ ಸಲಿಗೆಯನ್ನು ಬೇಕಾದಾಗ ಮಾತ್ರ ಹೊರತೆಗೆಯುತ್ತಿದ್ದ. "ಚಿತ್ತಣ್ಣ, ಇವತ್ತೊಂದು ದಿನ ನಿಮ್ಮ ಮೂಗಿಗೆ ರಜೆ ಕೊಡಿ ಆಯ್ತಾ? ಹನ್ನೊಂದಕ್ಕೆ ಬಟನ್ ಒತ್ಬೇಕು. ಆಗ ಉಂಟು, ಸಣ್ಣಕೆ ಉಂಟು ಅಂತ ಶುರು ಮಾಡಿದ್ರೆ ನನ್ನ ಮಾನ ಹೋಗ್ತದೆ." ಚಿತ್ತರಂಜನ, "ರೌಂಡೇ ಬೇಡ ಹಾಗಾದ್ರೆ. ತನುಶ್ರೀ ಮೀಟರ್ ಹಿಡಿದು ನೋಡ್ಲಿ," ಎಂದ. ಅದನ್ನು ಹೇಳುವಾಗ ಅವನ ಎದೆಯಲ್ಲಿ ಆಸೆ ಒಮ್ಮೆ ಎದ್ದು ನಿಂತಿತ್ತು. ರಿತೇಶ್ ನಕ್ಕ. "ನಿಮ್ಮ ರೌಂಡು ಇಲ್ಲದೆ ಇವರು ಸ್ಪ್ಯಾನರ್ ಮುಟ್ತಾರಾ? ಕ್ಯಾಮೆರಾದವರಿಗೂ ಹೇಳಿ ಆಗಿದೆ. ಫೋಟೋ ಒಳ್ಳೆದು ಬರ್ತದೆ. ನಡೆಯುದು, ತಲೆ ಆಡಿಸುದು, ಅಷ್ಟೇ ಅಲ್ವಾ?" ಅಷ್ಟೇ. ನಡೆಯುವುದು, ತಲೆ ಆಡಿಸುವುದು. ನಾಲ್ಕು ವರ್ಷದಿಂದ ಅವನು ಮಾಡುತ್ತಿದ್ದದ್ದು ಇಷ್ಟೇ ಎಂಬುದನ್ನು ಈ ಹುಡುಗ ಗೊತ್ತಿಲ್ಲದೆಯೇ ಹೇಳಿಬಿಟ್ಟಿದ್ದ.

ಹತ್ತೂವರೆಗೆ ಅವನು ಕೈ ಹಿಂದೆ ಕಟ್ಟಿ ನಡೆಯತೊಡಗಿದ. ಹಳದಿ ಪೈಪು, ಅದರ ಮೇಲೆ ಹೊಸದಾಗಿ ಬಳಿದ ಹಸಿರು ಪಟ್ಟೆ. ದಿಕ್ಕು ತೋರಿಸುವ ಗಾಳಿಚೀಲ ಪೂರ್ವಕ್ಕೆ ಮಲಗಿತ್ತು, ಅಂದರೆ ಸಮುದ್ರದ ಗಾಳಿ, ಅಂದರೆ ಏನಾದರೂ ಜಿನುಗಿದರೆ ಹೋಗುವುದು ಟ್ಯಾಂಕರಿನ ಕಡೆಗೆ, ಹಿತೇಶ ನಿಂತ ಕಡೆಗೆ. ಪೈಪಿಗೆ ಪೈಪು ಸೇರುವ ಮೊದಲ ಫ್ಲಾಂಜಿನ ಬಳಿ ಮೂಗು ಹಿಗ್ಗಿಸಿದ. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಕಣ್ಣನ್ನು ರೆಪ್ಪೆ ಹೊಡೆಯದೆ ಅಗಲ ತೆರೆದು ಹಿಡಿದ. ನೀರು ಬಂತು, ಅದು ಉರಿಗೋ, ಹಾಗೆ ತೆರೆದು ಹಿಡಿದದ್ದಕ್ಕೋ, ಹೇಳುವವರು ಯಾರು? ಬಾಲ್ಯದಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಕಣ್ಣು ಕಟ್ಟಿದವನ ಎದುರು ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ಹಾಗೆ ಆ ಜನ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಕ್ಯಾಮೆರಾದವನು ಹಿಂದೆ ಹಿಂದೆಯೇ ನಡೆದು ಹೋಗುತ್ತಿದ್ದ. ಕೊನೆಯ ಕಂಬದ ಬಳಿ ತುಕ್ರ, ಮತ್ತಿಬ್ಬರು, ಮುಂದೆ ಹಿತೇಶ. ಹಿತೇಶನ ಮಾಸ್ಕು ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಗಲ್ಲ ಅದರ ಮೇಲೆ ಊರಿತ್ತು, ಅವನ ಅಪ್ಪ ನಿಲ್ಲುತ್ತಿದ್ದದ್ದೂ ಹೀಗೆಯೇ. ಕೈಯಲ್ಲಿ ಸ್ಪ್ಯಾನರು ಸಿದ್ಧವಾಗಿತ್ತು. ಮುಖದಲ್ಲಿ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಚಿತ್ತರಂಜನ ತಲೆ ಆಡಿಸಬೇಕೆಂದುಕೊಂಡ. ಕುತ್ತಿಗೆ ಬಗ್ಗಲಿಲ್ಲ.

"ಎಂತ ಚಿತ್ತಣ್ಣ, ಉಂಟಾ?" ಎಂದು ತುಕ್ರ ಕೇಳಿದ.

"ಗೊತ್ತಿಲ್ಲ."

ಆ ಪದ ಇಷ್ಟು ವರ್ಷದಲ್ಲಿ ಯಾರೂ ಅವನ ಬಾಯಿಂದ ಕೇಳಿರಲಿಲ್ಲ. ತುಕ್ರ ಉಳಿದವರ ಮುಖ ನೋಡಿದ. "ಗೊತ್ತಿಲ್ಲ ಅಂದ್ರೆ ಎಂತ ಮಾರಾಯ್ರೆ? ಉಂಟು, ಇಲ್ಲದಿದ್ರೆ ಇಲ್ಲ."

"ನನ್ನ ಮೂಗು ಸತ್ತು ನಾಲ್ಕು ವರ್ಷ ಆಯ್ತು. ಕೊರೋನದಲ್ಲಿ ಹೋದದ್ದು, ವಾಪಸ್ ಬರ್ಲೇ ಇಲ್ಲ. ಇಷ್ಟು ದಿನ ನಾನು ಸುಳ್ಳು ಹೇಳಿದ್ದು. ಎಲ್ಲರೂ ಮಾಸ್ಕ್ ಹಾಕಿ. ಹಿತೇಶ, ಹಾಕು ಮಾರಾಯ, ಮೊದಲು ಹಾಕು."

ಸ್ವರ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹೊರಟಿತ್ತು. ತುಕ್ರ ಮೊದಲು ನಕ್ಕ, ಆಮೇಲೆ ನಗುವನ್ನು ಎಲ್ಲಿ ಇಡುವುದೆಂದು ತಿಳಿಯದೆ ಮುಖ ಒರೆಸಿಕೊಂಡ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ರಿತೇಶ್ ಶಾಮಿಯಾನದ ಕಡೆಯಿಂದ ಓಡುತ್ತ ಬಂದು, ಅತಿಥಿಗಳ ಕಾರು ಗೇಟಿನಲ್ಲಿ ನಿಂತದ್ದು ನೋಡಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡ. ತನುಶ್ರೀ ಯಾರ ಅಪ್ಪಣೆಗೂ ಕಾಯದೆ ಮೀಟರನ್ನು ಹಿಡಿದು ಅವನು ನಡೆದ ದಾರಿಯಲ್ಲೇ ಮೊದಲಿನಿಂದ ನಡೆದಳು. ಪ್ರತಿ ಫ್ಲಾಂಜಿನ ಬಳಿ ನಿಂತು, ನೋಡಿ, ಮುಂದೆ ಹೋದಳು. ಕೊನೆಗೆ ಅವನ ಎದುರು ನಿಂತು, ಅವನ ಮುಖ ನೋಡದೆ, "ಝೀರೋ. ಎಲ್ಲಾ ಕಡೆ ಝೀರೋ," ಎಂದಳು. ಹಿತೇಶ ಮಾಸ್ಕ್ ಹಾಕಿ ಕೊಳವೆ ಜೋಡಿಸಿದ. ಹನ್ನೊಂದಕ್ಕೆ ಮುಖ್ಯ ಅತಿಥಿಗಳು ಬಟನ್ ಒತ್ತಿದರು. ಎಲ್ಲ ಸುಸೂತ್ರ ನಡೆಯಿತು, ಒಂದು ತೊಟ್ಟೂ ಜಿನುಗಲಿಲ್ಲ.

ಕ್ಯಾಂಟೀನಿನ ಮೂಲೆಯ ಬೆಂಚಿನಲ್ಲಿ ಅವನು ಕೂತ. ಅಲ್ಲಿಂದ ಏಳಬೇಡಿ ಎಂದು ರಿತೇಶ್ ಹೇಳಿ ಹೋಗಿದ್ದ, "ಗೆಸ್ಟ್ ಹೋಗ್ಲಿ, ಆಮೇಲೆ ಮಾತಾಡುವ." ಮನಸ್ಸು ಹಗುರಾಗುತ್ತದೆ ಎಂದು ಎಲ್ಲೋ ಕೇಳಿದ್ದ. ಹಗುರಾಗಲಿಲ್ಲ. ಅವನಿಗೆ ಅನ್ನಿಸಿದ್ದು ಹೊಟ್ಟೆಕಿಚ್ಚಿನಂಥ ಪಶ್ಚಾತ್ತಾಪ. ತಲೆಯೊಂದನ್ನು ಆಡಿಸಿದ್ದರೆ ಸಾಕಿತ್ತು! ಸೊನ್ನೆ ಇತ್ತಲ್ಲ, ಎಲ್ಲಾ ಕಡೆ ಸೊನ್ನೆ ಇತ್ತಲ್ಲ! ಒಂದು ಸಣ್ಣ ಸೋರಿಕೆಯಾದರೂ ಇದ್ದಿದ್ದರೆ, ಹಿತೇಶನನ್ನು ಉಳಿಸಿದೆ ಎಂಬ ಒಂದು ಮಾತಾದರೂ ಇರುತ್ತಿತ್ತು. ಈಗ ಅವನು ಯಾರನ್ನೂ ಉಳಿಸಲಿಲ್ಲ, ಸುಮ್ಮನೆ ತನ್ನನ್ನು ತಾನು ಬೆತ್ತಲೆ ಮಾಡಿಕೊಂಡ. ಸೋರಿಕೆ ಇರಬೇಕಿತ್ತೆಂದು ತಾನು ಬಯಸುತ್ತಿರುವುದು ಗೊತ್ತಾದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೈಕಿನಲ್ಲಿ ಸನ್ಮಾನಿತರ ಹೆಸರು ಓದುತ್ತಿದ್ದರು. "ಶ್ರೀ ಚಿತ್ತರಂಜನ—" ಎಂದು ಒಂದು ಸ್ವರ ಶುರುವಾಗಿ ಅರ್ಧಕ್ಕೇ ನಿಂತಿತು, ಕಾಗದ ಸರಿಸಿದ ಸದ್ದು ಕೇಳಿತು, ಮುಂದಿನ ಹೆಸರು ಬಂತು. ಕ್ಯಾಂಟೀನಿನ ಮಮ್ಮು ಚಹಾ ತಂದು ಇಟ್ಟ. ಯಾವಾಗಲೂ "ಏಲಕ್ಕಿ ಬಂತಾ ಶೆಟ್ರೆ?" ಎಂದು ಕೇಳುವವನು ಇವತ್ತು ಕೇಳಲಿಲ್ಲ. ಸುದ್ದಿ ಆಗಲೇ ಇಲ್ಲಿಯವರೆಗೂ ಬಂದಿತ್ತು. ಆ ಸೌಜನ್ಯ ಬೈಗುಳಕ್ಕಿಂತ ಕಷ್ಟವಾಗಿತ್ತು.

ಮೂರು ಗಂಟೆಗೆ ಹಿತೇಶ ಬಂದ. ಮುಖ ತೊಳೆದುಕೊಂಡಿದ್ದ, ಮಾಸ್ಕಿನ ಗುರುತು ಕೆನ್ನೆಯಲ್ಲಿ ಇನ್ನೂ ಇತ್ತು. ಎದುರಿನ ಬೆಂಚಿನಲ್ಲಿ ಕೂರಲಿಲ್ಲ, ನಿಂತೇ ಇದ್ದ. ಬೆಳಿಗ್ಗೆಯಿಂದ ಅವನು ಮನಸ್ಸಿನಲ್ಲೇ ವರ್ಷಗಳನ್ನು ಕೂಡಿಸಿ ಕಳೆದು ಮಾಡುತ್ತಿದ್ದಿರಬೇಕು ಎಂದು ಚಿತ್ತರಂಜನನಿಗೆ ನೋಡಿದ ಕೂಡಲೇ ತಿಳಿಯಿತು.

"ಚಿತ್ತಣ್ಣ, ನಾಲ್ಕು ವರ್ಷ ಅಂದ್ರಲ್ಲ."

"ಹೌದು."

"ಅಪ್ಪನದ್ದು ಆಗಿ ಮೂರು."

"ಹೌದು."

"ಆ ದಿನ ರೌಂಡು ಮಾಡಿದ್ದು ನೀವೇ ಅಲ್ವಾ?"

ಚಿತ್ತರಂಜನ, ಹೌದು ಎಂದು ಮೂರನೆಯ ಸಲ ಹೇಳಿ, ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಮಾಸ್ಕಿನ ವಿಷಯ ಯಾರೂ ಕೇಳಿರಲಿಲ್ಲ. ಆದರೆ ಹಿತೇಶನ ಕಣ್ಣು ಅವನನ್ನು ಬಿಡಲಿಲ್ಲ. "ಲೈನು ಖಾಲಿ ಉಂಟು ಅಂತ ನಾನೇ ಹೇಳಿದ್ದು. ಮಾಸ್ಕ್ ತೆಗಿ ಅಂತಲೂ ನಾನೇ ಹೇಳಿದ್ದು. ಅವನು ಕೇಳಿದ, ನಾನು ಹೇಳಿದೆ." ಹಿತೇಶ ಬೈಯುತ್ತಾನೆ, ಅಥವಾ ಕೈ ಎತ್ತುತ್ತಾನೆ ಎಂದು ಅವನು ಕಾದ, ಅದಾದರೆ ಎಷ್ಟೋ ಒಳ್ಳೆಯದಿತ್ತು. ಹಿತೇಶ ಜೇಬಿನಿಂದ ಬೈಕಿನ ಕೀ ತೆಗೆದ. "ಬನ್ನಿ, ಹತ್ತಿ. ಅಪ್ಪನಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಅವರು ನಂಬುದಿಲ್ಲ."

ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಅವನು ಕೈ ಎಲ್ಲಿ ಇಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ಕೊಟ್ಟಾರದ ಸಿಗ್ನಲ್ಲಿನಲ್ಲಿ ಇಳಿದುಬಿಡಬಹುದೆಂದು ಅನ್ನಿಸಿತು, ನಂತೂರಿನಲ್ಲಿ ಮತ್ತೆ ಅನ್ನಿಸಿತು. ಬೈಕು ನಿಂತಾಗಲೆಲ್ಲ ಕಾಲು ನೆಲಕ್ಕೆ ಊರಿದ, ಹಸಿರು ಬಿದ್ದಾಗ ಎತ್ತಿಕೊಂಡ. ಶಶಿಪ್ರಭಾಳ ಫೋನು ಎರಡು ಸಲ ಬಂತು. ಅವಳಿಗೆ ಯಾರೋ ಹೇಳಿರಬೇಕು, ಅಥವಾ ಮೀನಿನ ಸಾರಿನ ವಿಷಯ ಇರಬೇಕು. ಎತ್ತಲಿಲ್ಲ. ಮುದ್ದುವಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತ ಹೋದ. ಮುದ್ದು, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕಿತ್ತು. ಇಲ್ಲ, ಹಾಗಲ್ಲ. ಮುದ್ದು, ನಿನಗೆ ನೆನಪು ಉಂಟಾ. ಅದೂ ಅಲ್ಲ, ನೆನಪು ಇದೆ ಎಂದುಬಿಟ್ಟರೆ? ಎಲ್ಲ ಗೊತ್ತಿದ್ದೇ ಸುಮ್ಮನಿದ್ದೆ ಎಂದುಬಿಟ್ಟರೆ? ಮೂರು ವರ್ಷ ಒಬ್ಬ ಮನುಷ್ಯನ ಭಿಕ್ಷೆ ತಿಂದಂತಾಗುತ್ತದೆ. ಕುಲಶೇಖರದ ಏರು ಹತ್ತುವಾಗಲೂ ಅವನು ಮೊದಲ ಮಾತನ್ನು ಬದಲಿಸುತ್ತಲೇ ಇದ್ದ.

ಜಗಲಿಯಲ್ಲಿ ಮುದ್ದು ಎರಡು ದಿಂಬಿಗೆ ಒರಗಿ ಕೂತಿದ್ದ. ಅರವತ್ತರ ಮನುಷ್ಯ ಎಪ್ಪತ್ತೈದರವನ ಹಾಗೆ ಕಾಣುತ್ತಿದ್ದ. ಪಕ್ಕದ ಸ್ಟೂಲಿನಲ್ಲಿ ಆಮ್ಲಜನಕದ ಸಣ್ಣ ಯಂತ್ರ ಗುರುಗುಟ್ಟುತ್ತಿತ್ತು, ಕೊಳವೆ ಮೂಗಿನ ಕೆಳಗೆ. ಶೆಟ್ಟರನ್ನು ನೋಡಿ ಅವನ ಮುಖ ಅರಳಿತು. "ಹೇಮಾ, ಶೆಟ್ರು ಬಂದಿದ್ದಾರೆ. ನೀರು ಬೆಲ್ಲ ತಾ!" ಎಂದು ಕೂಗಲು ಹೋಗಿ ಅರ್ಧದಲ್ಲೇ ಉಸಿರು ಸಿಕ್ಕಿ ಕೆಮ್ಮಿದ. ಒಳಗಿನಿಂದ ಪಾತ್ರೆಯ ಸದ್ದಿನ ಜೊತೆ ಹೇಮಾಕ್ಷಿಯ ಸ್ವರ ಬಂತು, "ಕೂಗ್ಬೇಡಿ ಅಂತ ಎಷ್ಟು ಸಲ ಹೇಳುದು ನಿಮಗೆ? ಮಾಡಿಕೊಂಡದ್ದು ಸಾಲ್ಲಿಲ್ವಾ?" ಮುದ್ದು ಕಣ್ಣು ಮಿಟುಕಿಸಿ, "ದಿನಾ ಇದೇ," ಎಂದು ನಕ್ಕ. ಹಿತೇಶ ಬಾಗಿಲಿಗೆ ಒರಗಿ ನಿಂತ, ಹೊರಗೆ ಹೋಗುವ ದಾರಿಗೆ ಅಡ್ಡವಾಗಿ. ಚಿತ್ತರಂಜನ ಕುರ್ಚಿಯ ತುದಿಯಲ್ಲಿ ಕೂತು, ಜೋಡಿಸಿಟ್ಟ ಮಾತುಗಳೆಲ್ಲ ಬಿದ್ದುಹೋಗಿ, ಬರಿದೇ ಹೇಳಿದ. ಜ್ವರ ಬಂದದ್ದು, ಮೂಗು ಹೋದದ್ದು, ಯಾರಿಗೂ ಹೇಳದೆ ರೌಂಡು ಮಾಡಿದ್ದು, ಗುಂಡಿಯ ಅಂಚಿನಲ್ಲಿ ನಿಂತು ಏನೂ ಗೊತ್ತಾಗದೆ ಖಾಲಿ ಉಂಟು ಎಂದದ್ದು, ಸೈನ್ ಹಾಕಿದ್ದು. ಎಲ್ಲ ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ಮುದ್ದು ಮೂಗಿನ ಕೆಳಗಿನ ಕೊಳವೆಯನ್ನು ಸರಿಮಾಡಿಕೊಂಡ. ಯಂತ್ರ ಗುರುಗುಟ್ಟುತ್ತಲೇ ಇತ್ತು. "ಲೈನು ಖಾಲಿ ಇರ್ಲಿಲ್ವಾ?" ಎಂದ.

"ಇರ್ಲಿಲ್ಲ ಮಾರಾಯ. ಹಿಂದಿನ ವಾಲ್ವ್ ಮುಚ್ಚಿರ್ಲಿಲ್ಲ."

"ಆ ಗುಂಡಿಯಲ್ಲಿ ಎರಡು ಲೈನ್ ಉಂಟಲ್ಲ. ಎಡದ್ದು ಒಂದು, ಬಲದ್ದು ಒಂದು. ಬಿಚ್ಬೇಕಾದದ್ದು ಬಲದ್ದು." ಮುದ್ದು ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹೇಳುತ್ತಿದ್ದ. "ಶೆಟ್ರು ಖಾಲಿ ಅಂದ ಮೇಲೆ ಅದು ಖಾಲಿಯೇ. ಹಾಗಾದ್ರೆ ನಾನೇ ಮಳೆಯಲ್ಲಿ ಗೊತ್ತಾಗದೆ ಬೇರೆ ಲೈನ್‌ಗೆ ಕೈ ಹಾಕಿದ್ದು ಅಂತ... ಮೂರು ವರ್ಷದಿಂದ ನಾನು ಹಾಗೇ ಅಂದ್ಕೊಂಡದ್ದು. ಬಲದ್ದು ಬಿಚ್ಚಿದ ನೆನಪು ನನಗೆ ಉಂಟು. ಆದ್ರೂ ನಿಮ್ಮ ಮೂಗು ತಪ್ಪುದುಂಟಾ? ನನ್ನ ನೆನಪೇ ತಪ್ಪು ಅಂತ ಬಿಟ್ಟೆ. ಮೂವತ್ತು ವರ್ಷ ಕೆಲಸ ಮಾಡಿ ಕೊನೆಗೆ ಎಡ ಬಲ ಗೊತ್ತಾಗ್ಲಿಲ್ಲ ಅಂತ ಯಾರ ಹತ್ರ ಹೇಳುದು? ಇವಳ ಹತ್ರವೂ ಹೇಳ್ಲಿಲ್ಲ." ಅವನು ದಿಂಬಿನಿಂದ ಬೆನ್ನು ಎತ್ತಿ ಮುಂದಕ್ಕೆ ಬಾಗಿದ. ಕಣ್ಣಿನಲ್ಲಿ ನೀರಿತ್ತು. ಚಿತ್ತರಂಜನ ಬೈಗುಳಕ್ಕೆ ತಲೆ ತಗ್ಗಿಸಿ ಕಾದ. "ಅಂದ್ರೆ ನಾನು ಬಿಚ್ಚಿದ್ದು ಸರಿಯಾದ ಬೋಲ್ಟನ್ನೇ ಅಲ್ವಾ, ಶೆಟ್ರೆ?"

"ಸರಿಯಾದದ್ದನ್ನೇ."

ಮುದ್ದು ನಕ್ಕ. ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ, ಹಿತೇಶ ಓಡಿ ಬಂದು ಬೆನ್ನು ಹಿಡಿದರೂ ಅವನ ಕೈ ತಳ್ಳಿದ. ಅಷ್ಟು ಸಂತೋಷವನ್ನು ಚಿತ್ತರಂಜನ ಈ ಮುಖದಲ್ಲಿ ಗುಂಡಿಗೆ ಇಳಿಯುವ ಮೊದಲಿನ ದಿನಗಳಲ್ಲೂ ನೋಡಿರಲಿಲ್ಲ. ಅದನ್ನು ನೋಡುವುದು ಅವನಿಂದ ಆಗಲಿಲ್ಲ. ಎದ್ದು ಹೋಗುವುದೂ ಆಗಲಿಲ್ಲ. ಹೇಮಾಕ್ಷಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ಹಿಡಿದು ಹೊರಗೆ ಬಂದು, ಮೂವರ ಮುಖವನ್ನೂ ನೋಡಿ ಹೊಸ್ತಿಲಲ್ಲೇ ನಿಂತಳು.

"ಬಾ, ಇಲ್ಲಿ ಬಾ, ಕೂತ್ಕೊ," ಎಂದು ಮುದ್ದು ಅವಳನ್ನು ಕರೆದ. "ಶೆಟ್ರೆ, ಇವಳಿಗೂ ಹೇಳಿ. ನನಗೆ ಹೇಳಿದ ಹಾಗೆಯೇ ಹೇಳಿ, ಒಂದೂ ಬಿಡ್ಬೇಡಿ."

ಹೇಮಾಕ್ಷಿ ಬೆಲ್ಲದ ತಟ್ಟೆಯನ್ನು ಚಿತ್ತರಂಜನನ ಮುಂದೆ ಇಟ್ಟು, ಗಂಡನ ಕಾಲ ಬಳಿ ಕೂತು, ಅವನನ್ನು ನೋಡಿದಳು. ಚಿತ್ತರಂಜನ ಮೊದಲಿನಿಂದ ಹೇಳತೊಡಗಿದ.